ಹೆಬ್ಬಾತಿನ ಮೊಟ್ಟೆಗೆ ಕಾವು ಕೊಡುವವರು ಮೊದಲು ಒಂದು ತಕ್ಕಡಿ ತನ್ನಿ

ಕೋಳಿಮೊಟ್ಟೆ ಮರಿ ಮಾಡಿಸಿ ಕೈ ಪಳಗಿದವರೇ ಹೆಬ್ಬಾತಿನ ಮೊಟ್ಟೆಯಲ್ಲಿ ಹೆಚ್ಚು ಏಮಾರುತ್ತಾರೆ. ಇಪ್ಪತ್ತೊಂದು ದಿನದ ಲೆಕ್ಕ, ಕೋಳಿಮೊಟ್ಟೆಯ ಟ್ರೇ, ತಟ್ಟೆ ತುಂಬ ನೀರು, ಎಲ್ಲವನ್ನೂ ಅಲ್ಲಿಂದಲೇ ತರುತ್ತಾರೆ. ಕೊನೆಗೆ ಪೂರ್ತಿ ಬೆಳೆದ ಮರಿ ಚಿಪ್ಪಿನೊಳಗೇ ಸತ್ತಿರುತ್ತದೆ. ಆಗ ಬೈಗುಳ ತಿನ್ನುವುದು ಮೊಟ್ಟೆ ಕೊಟ್ಟವರು. ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಹೆಬ್ಬಾತು ಸಾಕುತ್ತಿರುವುದರಿಂದ ಮೊಟ್ಟೆ ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಅವರಿಗೆ ಪ್ರತಿಸಲ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ನಮ್ಮಲ್ಲಿರುವುದು ಕೊಕ್ಕಿನ ಬುಡದಲ್ಲಿ ಗುಬುಟು ಇರುವ ಬಿಳಿ ಚೀನಾ ಜಾತಿ. ಮೊಟ್ಟೆ ಸುಮಾರು 150 ಗ್ರಾಂ ತೂಗುತ್ತದೆ, ಅಂದರೆ ಕೋಳಿಮೊಟ್ಟೆಯ ಮೂರರಷ್ಟು. ಚಿಪ್ಪು ದಪ್ಪ. ಮರಿಯಾಗಲು 28ರಿಂದ 31 ದಿನ ಬೇಕು, ಎಂಬ್ಡೆನ್, ಟುಲೂಸ್‌ನಂಥ ದೊಡ್ಡ ಜಾತಿಗಳಲ್ಲಿ ಇನ್ನೂ ಎರಡು ಮೂರು ದಿನ ಹೆಚ್ಚಾಗಬಹುದು.

ಮೊಟ್ಟೆ ಆರಿಸುವಾಗ ತಾಯಿಯ ವಯಸ್ಸು ಕೇಳಿ. ಮೊದಲ ವರ್ಷ ಇಡುವ ಮೊಟ್ಟೆಗಳಲ್ಲಿ ಗೊಡ್ಡು ಜಾಸ್ತಿ. ಎರಡು ಮೂರು ವರ್ಷ ದಾಟಿದ ಹೆಣ್ಣು, ಮೂರ್ನಾಲ್ಕು ಹೆಣ್ಣಿಗೆ ಒಂದು ಗಂಡು, ಪಕ್ಕದಲ್ಲಿ ಈಜುವಷ್ಟು ನೀರು, ಇಷ್ಟಿದ್ದರೆ ನಂಬಬಹುದು. ಇವು ನೀರಲ್ಲಿ ಕೂಡುವುದನ್ನೇ ಇಷ್ಟಪಡುತ್ತವೆ. ನಮ್ಮ ತೋಟದಲ್ಲಿ ಸಂಕ್ರಾಂತಿ ಆಸುಪಾಸಿನಿಂದ ಬೇಸಿಗೆಯವರೆಗೆ ಮೊಟ್ಟೆ ಸಿಗುತ್ತದೆ, ಸಾಮಾನ್ಯವಾಗಿ ದಿನ ಬಿಟ್ಟು ದಿನ. ಹೆಣ್ಣು ಅದನ್ನು ದರಗಿನಲ್ಲಿ ಮುಚ್ಚಿಟ್ಟು ಹೋಗುತ್ತದೆ. ಎಲ್ಲವನ್ನೂ ಎತ್ತಿದರೆ ಜಾಗ ಬದಲಾಯಿಸಿಬಿಡುತ್ತದೆ, ಹಾಗಾಗಿ ಒಂದನ್ನು ಅಲ್ಲೇ ಬಿಡಿ. ಎತ್ತಲು ಹೋಗುವಾಗ ಕೈಯಲ್ಲಿ ಬಿಚ್ಚಿದ ಕೊಡೆ ಇರಲಿ. ಗಂಡು ಬಂದು ಕಚ್ಚುವುದು ಮೊಣಕಾಲಿನ ಹಿಂದೆ, ರೆಕ್ಕೆಯ ಏಟು ಬೇರೆ.

ಎತ್ತಿದ ಮೊಟ್ಟೆಯನ್ನು ತೊಳೆಯಬೇಡಿ. ಚಿಪ್ಪಿನ ಮೇಲೆ ಸಹಜವಾಗಿರುವ ತೆಳುಪದರ ರೋಗಾಣುಗಳನ್ನು ಹೊರಗೇ ತಡೆಯುತ್ತದೆ. ಒಣಗಿದ ಮಣ್ಣನ್ನು ಒರಟು ಬಟ್ಟೆಯಲ್ಲಿ ಉಜ್ಜಿದರೆ ಸಾಕು, ತೀರಾ ಕೊಳಕಾಗಿದ್ದರೆ ಆ ಮೊಟ್ಟೆ ದೋಸೆಕಾವಲಿಗೆ. ಕೂಡಿಡುವುದಾದರೆ ಮನೆಯ ಅತಿ ತಂಪಾದ ಮೂಲೆಯಲ್ಲಿ ಅಡ್ಡಡ್ಡ ಮಲಗಿಸಿ ದಿನಕ್ಕೊಮ್ಮೆ ಹೊರಳಿಸಿ. 15 ಡಿಗ್ರಿ ಆಸುಪಾಸು ಒಳ್ಳೆಯದು, ಫ್ರಿಜ್ ಬೇಡ, ಅದು ಅತಿ ತಣ್ಣಗೆ. ವಾರಕ್ಕಿಂತ ಹಳೆಯದನ್ನು ಕಾವಿಗಿಟ್ಟು ಪ್ರಯೋಜನ ಕಡಿಮೆ. ಬಸ್ಸಿನಲ್ಲಿ ಕುಲುಕಿಕೊಂಡು ಬಂದ ಮೊಟ್ಟೆಯನ್ನು ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಸುಮ್ಮನೆ ಬಿಟ್ಟು ಆಮೇಲೆ ಇಡಿ.

ಇನ್‌ಕ್ಯುಬೇಟರ್, ಅಂದರೆ ಕಾವು ಕೊಡುವ ಪೆಟ್ಟಿಗೆ, ಕೊಳ್ಳುವ ಮೊದಲು ಒಂದು ಮಾತು. ನಿಮ್ಮ ಬಾತು ತಾನೇ ಕಾವಿಗೆ ಕೂತಿದ್ದು, ಕಬ್ಬೆಕ್ಕು ಮುಂಗುಸಿಗಳ ಕಾಟ ಇಲ್ಲವೆಂದಾದರೆ ಅದಕ್ಕೇ ಬಿಡಿ, ಯಾವ ಯಂತ್ರವೂ ಅದರಷ್ಟು ಚೆನ್ನಾಗಿ ಮಾಡುವುದಿಲ್ಲ. ಕಾವಿಗೆ ಕೂತ ನಾಟಿ ಕೋಳಿಯೂ ಆಗುತ್ತದೆ. ನನ್ನ ಅತ್ತೆ ಇವತ್ತಿಗೂ ಕೋಳಿಯ ಪಕ್ಷವೇ. ಒಂದು ಕೋಳಿಗೆ ನಾಲ್ಕೈದು ಮೊಟ್ಟೆಗಿಂತ ಹೆಚ್ಚು ಇಡಬಾರದು. ಅಷ್ಟು ಭಾರದ ಮೊಟ್ಟೆಯನ್ನು ಕೋಳಿಗೆ ಸರಿಯಾಗಿ ಹೊರಳಿಸಲು ಆಗುವುದಿಲ್ಲ, ಅದು ಮೇಯಲು ಎದ್ದಾಗ ನೀವು ಹೊರಳಿಸಬೇಕು. 21 ದಿನಕ್ಕೆ ಮುಗಿಯಬೇಕಾದ ಕೆಲಸ ತಿಂಗಳು ಹಿಡಿಯುವುದರಿಂದ ಕೋಳಿ ಬಡವಾಗುತ್ತದೆ, ಕಾಳು ನೀರು ಕೈಗೆಟುಕುವಲ್ಲಿರಲಿ.

ಪೆಟ್ಟಿಗೆಯೇ ಆಗಬೇಕೆಂದರೆ ಬಾಗಿಲ ಗಾಳಿ, ಬಿಸಿಲು ತಾಗದ ಒಳಕೋಣೆಯಲ್ಲಿಟ್ಟು ಮೊಟ್ಟೆ ಇಡುವ ಮೊದಲು ಒಂದೆರಡು ದಿನ ಖಾಲಿ ಓಡಿಸಿ. ಫ್ಯಾನ್ ಇದ್ದರೆ 37.5 ಡಿಗ್ರಿ. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಮೇಲೆ ಬಿಸಿ, ಕೆಳಗೆ ತಂಪು. ಅದರಲ್ಲಿ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ ಅಳೆದು 38.3ರ ಹತ್ತಿರ ಇಡಬೇಕು. ಥರ್ಮೋಕೋಲ್ ಪೆಟ್ಟಿಗೆಗೆ ಅಗ್ಗದ ಡಿಜಿಟಲ್ ಥರ್ಮೋಸ್ಟಾಟ್ ಜೋಡಿಸಿ ನೀವೇ ಮಾಡಿಕೊಂಡರೂ ನನ್ನ ತಕರಾರಿಲ್ಲ. ಆದರೆ ಅದು ತೋರಿಸುವ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಮನೆಯಲ್ಲಿರುವ ಜ್ವರದ ಥರ್ಮಾಮೀಟರ್ ಸರಿಯಾಗಿ ಇದೇ ಅಂಕಿಗಳ ನಡುವೆ ಕೆಲಸ ಮಾಡುತ್ತದೆ. ಲೋಟದಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು ಎರಡನ್ನೂ ಅದ್ದಿ ಹೋಲಿಸಿ.

ಕೋಳಿಮೊಟ್ಟೆಯ ತಿರುಗುವ ಟ್ರೇಯಲ್ಲಿ ಇವು ಕೂರುವುದಿಲ್ಲ, ಬಲವಂತವಾಗಿ ನಿಲ್ಲಿಸಲೂ ಬಾರದು. ಅಡ್ಡ ಮಲಗಿಸಿ ಕೈಯಲ್ಲೇ ಹೊರಳಿಸಿ. ಒಂದು ಮಗ್ಗುಲಿಗೆ ಪೆನ್ಸಿಲ್‌ನಲ್ಲಿ ಗುಣಿಸುವ ಚಿಹ್ನೆ, ಇನ್ನೊಂದಕ್ಕೆ ಸೊನ್ನೆ ಬರೆದುಕೊಳ್ಳಿ. ದಿನಕ್ಕೆ ಮೂರು ಅಥವಾ ಐದು ಸಲ, ಅಂತೂ ಬೆಸಸಂಖ್ಯೆ ಆಗಿರಲಿ. ಆಗ ರಾತ್ರಿಯ ದೀರ್ಘ ಹೊತ್ತಿನಲ್ಲಿ ಒಂದೇ ಮಗ್ಗುಲು ಎರಡು ದಿನ ಮೇಲೆ ಬರುವುದಿಲ್ಲ. ಒಮ್ಮೆ ಆಚೆಗೆ ಹೊರಳಿಸಿದರೆ ಮುಂದಿನ ಸಲ ಈಚೆಗೆ.

ಇನ್ನು ತೇವ. ಬಾತು ಅಂದರೆ ನೀರುಹಕ್ಕಿ, ಆದ್ದರಿಂದ ಅದರ ಮೊಟ್ಟೆಗೆ ತುಂಬ ತೇವ ಬೇಕು ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಅಲ್ಲೇ ಮರಿ ಹಾಳಾಗುವುದು. ಕಾವಿನ ಅವಧಿಯಲ್ಲಿ ಮೊಟ್ಟೆಯ ತೂಕ ಚಿಪ್ಪಿನ ರಂಧ್ರಗಳ ಮೂಲಕ ನೀರು ಆರಿ ಶೇ 13ರಿಂದ 15ರಷ್ಟು ಇಳಿಯಲೇಬೇಕು. ಆರಿದ ಜಾಗದಲ್ಲೇ ದಪ್ಪ ತುದಿಯ ಗಾಳಿಗೂಡು ದೊಡ್ಡದಾಗುತ್ತದೆ, ಮರಿ ಮೊದಲ ಉಸಿರು ಎಳೆಯುವುದು ಅದರಿಂದ. ತೂಕ ಇಳಿಯದಿದ್ದರೆ ಗೂಡು ಚಿಕ್ಕದು, ಮರಿ ಊದಿಕೊಂಡು ತಿರುಗಲು ಜಾಗವಿಲ್ಲದೆ ಸಾಯುತ್ತದೆ. ವಿಪರೀತ ಇಳಿದರೆ ಪೊರೆ ಒಣಗಿ ಮರಿಗೆ ಅಂಟುತ್ತದೆ.

ಪುಸ್ತಕದ ಲೆಕ್ಕದಲ್ಲಿ ಶೇ 50ರಿಂದ 55 ತೇವ. ಆದರೆ ನಮ್ಮ ಗಾಳಿ ಜನವರಿಯಲ್ಲಿ ಒಂದು ತರಹ, ಜುಲೈಯಲ್ಲಿ ಇನ್ನೊಂದು. 25 ಡಿಗ್ರಿಯಲ್ಲಿ ಶೇ 60 ತೇವವಿರುವ ಗಾಳಿ ಪೆಟ್ಟಿಗೆಯೊಳಗೆ 37.5ಕ್ಕೆ ಕಾದರೆ ಶೇ 30ಕ್ಕೆ ಇಳಿದುಬಿಡುತ್ತದೆ. ಮಳೆಗಾಲದ ತುಂಬಿದ ಗಾಳಿಯಾದರೆ ತಟ್ಟೆಯಲ್ಲಿ ಒಂದು ಹನಿ ನೀರಿಲ್ಲದೆಯೇ ಶೇ 45ರ ಹತ್ತಿರ ನಿಲ್ಲುತ್ತದೆ. ಹಾಗಾಗಿ ಇಂತಿಷ್ಟೇ ನೀರು ಹಾಕಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು ಪ್ರತಿ ಮೊಟ್ಟೆಯ ಮೊದಲ ದಿನದ ತೂಕವನ್ನು ಅದರ ಚಿಪ್ಪಿನ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ವಾರಕ್ಕೊಮ್ಮೆ ತೂಗಿ. 150 ಗ್ರಾಂ ಮೊಟ್ಟೆಯಾದರೆ 7ನೇ ದಿನ 145, 14ಕ್ಕೆ 140, 21ಕ್ಕೆ 135, 28ಕ್ಕೆ 130. ವಾರಕ್ಕೆ ಐದು ಗ್ರಾಂ, ಇದನ್ನು ನೆನಪಿಡಲು ಕಷ್ಟವೇನಿಲ್ಲ. ಇಳಿಕೆ ಕಡಿಮೆಯಾದರೆ ನೀರು ತೆಗೆಯಿರಿ, ಗಾಳಿಯ ತೂತು ಬಿಡಿಸಿ. ಹೆಚ್ಚಾದರೆ ಅಗಲವಾದ ತಟ್ಟೆ ಇಡಿ. ತೇವ ಹೆಚ್ಚಿಸುವುದು ನೀರಿನ ಆಳ ಅಲ್ಲ, ಅಗಲ.

ತೇವದ ಮೀಟರ್ ಬೇಡವೇ ಅಂದರೆ ಬೇಕು, ಅದನ್ನೂ ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ಕೆಸರಿನ ಹದಕ್ಕೆ ನೀರು ಬೆರೆಸಿ, ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಶೇ 75 ತೋರಿಸಬೇಕು. ಎಷ್ಟು ಹೆಚ್ಚು ಕಡಿಮೆ ತೋರಿಸುತ್ತದೋ ಅಷ್ಟನ್ನು ಮುಂದೆ ಕಳೆದು ಕೂಡಿ ಓದಿಕೊಳ್ಳಿ.

ಎಂಟು ಹತ್ತನೇ ದಿನಕ್ಕೆ ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚಿನ ಮೇಲೆ ತೂತು ಮಾಡಿದ ರಟ್ಟು ಇಟ್ಟು ಮೊಟ್ಟೆ ಹಿಡಿದು ನೋಡಿ. ಜೇಡನ ಕಾಲುಗಳಂತೆ ರಕ್ತನಾಳ ಹರಡಿದ್ದರೆ ಜೀವ ಇದೆ. ಎಲ್ಲ ಕಡೆ ತಿಳಿಯಾಗಿದ್ದರೆ ಗೊಡ್ಡು. ನಾಳಗಳಿಲ್ಲದೆ ಕೆಂಪು ಉಂಗುರ ಮಾತ್ರ ಕಂಡರೆ ಶುರುವಾಗಿ ಸತ್ತದ್ದು. ಇವೆರಡನ್ನೂ ತೆಗೆಯಿರಿ. ಬಿಟ್ಟರೆ ಕೊಳೆತು ಒಂದು ದಿನ ಪೆಟ್ಟಿಗೆಯೊಳಗೇ ಸಿಡಿಯುತ್ತದೆ, ಆ ನಾತ ಹೋಗಲು ವಾರ ಸಾಲದು.

ಈ ಪರೀಕ್ಷೆ ಆದ ಮೇಲೆ ದಿನಕ್ಕೊಮ್ಮೆ ತಣಿಸುವ ಕೆಲಸ. ತಾಯಿ ಬಾತು ದಿನಕ್ಕೊಮ್ಮೆ ಎದ್ದು ಮೇದು ಮಿಂದು ಒದ್ದೆ ಮೈಯಲ್ಲಿ ಬಂದು ಕೂರುತ್ತದಲ್ಲ, ನಾವೂ ಅದನ್ನೇ ಮಾಡುವುದು. ಇಷ್ಟು ದೊಡ್ಡ ಮೊಟ್ಟೆಯಲ್ಲಿ ಅರ್ಧ ಅವಧಿ ದಾಟಿದ ಮರಿ ತಾನೇ ಸಾಕಷ್ಟು ಬಿಸಿ ಹುಟ್ಟಿಸುತ್ತದೆ, ಅದು ಹೊರಗೆ ಹೋಗಬೇಕು. ಮುಚ್ಚಳ ತೆಗೆದು 10–15 ನಿಮಿಷ ಬಿಡಿ. ಎಷ್ಟು ತಣಿದರೆ ಸಾಕು ಅನ್ನುವುದಕ್ಕೆ ಅತ್ತೆಯ ಅಳತೆ ಥರ್ಮಾಮೀಟರಿಗಿಂತ ಸಲೀಸು. ಮೊಟ್ಟೆಯನ್ನು ಮುಚ್ಚಿದ ಕಣ್ಣರೆಪ್ಪೆಗೆ ತಾಗಿಸುತ್ತಾರೆ, ಬಿಸಿಯೂ ತಂಪೂ ಅನ್ನಿಸದಿದ್ದರೆ “ಸಾಕು ಮಾರಾಯ್ತಿ, ಒಳಗಿಡು” ಅನ್ನುತ್ತಾರೆ. ಒಳಗಿಡುವ ಮೊದಲು ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ತೆಳ್ಳಗೆ ಚಿಮುಕಿಸಿ. ಈ ನೀರು ಆರುತ್ತಾ ಮೊಟ್ಟೆಯನ್ನು ತಂಪು ಮಾಡುತ್ತದೆ.

ಕರೆಂಟ್ ಹೋದರೆ ಗಾಬರಿ ಬೇಡ. ದಿನವೂ ತಣಿಯುವ ಮೊಟ್ಟೆ ಒಂದೆರಡು ಗಂಟೆಗೆ ಸಾಯುವುದಿಲ್ಲ. ಮುಚ್ಚಳ ತೆಗೆಯದೆ ಮೇಲೆ ಕಂಬಳಿ ಹೊದಿಸಿ. ಗಾಳಿಯ ತೂತು ಮಾತ್ರ ಮುಚ್ಚಬೇಡಿ. ಹೊತ್ತು ಹೆಚ್ಚಾದರೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಗಳನ್ನು ಒಳಗಿಡಿ. ನಿಜವಾಗಿ ಹೆದರಬೇಕಾದದ್ದು ಥರ್ಮೋಸ್ಟಾಟ್ ಕೆಟ್ಟು ಬಿಸಿ 40 ದಾಟುವುದಕ್ಕೆ. ತಣ್ಣಗಾದರೆ ಮರಿ ಒಂದು ದಿನ ತಡವಾಗಿ ಬರುತ್ತದೆ, ಬಿಸಿ ಹೆಚ್ಚಾದರೆ ಬರುವುದೇ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಇನ್ವರ್ಟರ್ ಇಲ್ಲದವರು ಕೊನೆಯ ಮೊಟ್ಟೆಗಳನ್ನು ಏಪ್ರಿಲ್ ಮಧ್ಯದೊಳಗೆ ಇಟ್ಟು ಮುಗಿಸಿ.

27ನೇ ದಿನದ ಆಸುಪಾಸಿನಲ್ಲಿ ಮತ್ತೊಮ್ಮೆ ಬೆಳಕಿಗೆ ಹಿಡಿಯಿರಿ. ಒಳಗೆಲ್ಲ ಕಪ್ಪು, ದಪ್ಪ ತುದಿಯ ಗಾಳಿಗೂಡು ಮಾತ್ರ ಬೆಳ್ಳಗೆ ಕಾಣುತ್ತದೆ. ಅದರ ಅಂಚು ಒಂದು ಕಡೆಗೆ ವಾಲಿ, ಒಳಗೆ ನೆರಳು ಅಲುಗಿದರೆ ಮರಿ ಹೊರಡಲು ತಯಾರು ಅಂತ ಅರ್ಥ. ಹೊರಳಿಸುವುದು, ತಣಿಸುವುದು ಎರಡನ್ನೂ ನಿಲ್ಲಿಸಿ. ಈಗ ಮಾತ್ರ ತೇವವನ್ನು ಶೇ 75ಕ್ಕೆ ಏರಿಸಿ, ಮೊಟ್ಟೆಗಳ ಕೆಳಗೆ ಒರಟು ಬಟ್ಟೆ ಹಾಸಿ, ಮುಚ್ಚಿ.

ಆಮೇಲೆ ಕೈ ಕಟ್ಟಿ ಕೂರುವುದೇ ಕಷ್ಟದ ಕೆಲಸ. ಚಿಪ್ಪಿನಲ್ಲಿ ಮೊದಲ ಬಿರುಕು ಕಂಡ ಮೇಲೆ ಮರಿ ಹೊರಬರಲು ಒಂದು ದಿನ, ಕೆಲವೊಮ್ಮೆ ಎರಡು ದಿನ ಬೇಕು. ಕೋಳಿಮರಿಯ ಅವಸರ ಇವಕ್ಕಿಲ್ಲ. ಆ ಹೊತ್ತಿನಲ್ಲಿ ಅದು ಸುಮ್ಮನೆ ಮಲಗಿದಂತೆ ಕಂಡರೂ ಪೊರೆಯ ರಕ್ತವನ್ನೂ ಉಳಿದ ಹಳದಿ ಭಂಡಾರವನ್ನೂ ಒಳಗೆಳೆದುಕೊಳ್ಳುತ್ತಿರುತ್ತದೆ. ನೀವು ಪಾಪ ಅಂತ ಚಿಪ್ಪು ಸುಲಿದರೆ ರಕ್ತ ಸುರಿದು ಸಾಯುತ್ತದೆ. ಪದೇಪದೇ ಮುಚ್ಚಳ ತೆಗೆದು ಇಣುಕಿದರೆ ಪೊರೆ ಒಣಗುತ್ತದೆ. ಬಿರುಕಿನ ನಂತರ ಪೂರ್ತಿ ಒಂದು ದಿನ ಏನೂ ಮುಂದುವರಿಯದೆ, ಪೊರೆ ಕಂದಾಗಿ ಒಣಗಿದ್ದರೆ ಮಾತ್ರ ಹತ್ತಿಯಲ್ಲಿ ಬೆಚ್ಚನೆ ನೀರು ತಾಗಿಸಿ ಬಿರುಕಿನ ಅಂಚನ್ನು ಸ್ವಲ್ಪ ಬಿಡಿಸಬಹುದು. ರಕ್ತ ಕಂಡ ಕ್ಷಣ ನಿಲ್ಲಿಸಿ.

ಹುಟ್ಟಿದ ಮರಿ ಪೆಟ್ಟಿಗೆಯಲ್ಲೇ ಅರ್ಧ ದಿನ ಒಣಗಲಿ, ಹಸಿವಿನ ಚಿಂತೆ ಬೇಡ, ಹೊಟ್ಟೆಯಲ್ಲಿ ಭಂಡಾರ ಇದೆ. ಆಮೇಲೆ ರಟ್ಟಿನ ಪೆಟ್ಟಿಗೆಗೆ ಗೋಣಿಚೀಲ ಹಾಸಿ ಬಿಡಿ. ಪೇಪರ್ ಹಾಸಿದರೆ ಕಾಲು ಜಾರಿ ಅಗಲಿಸಿಕೊಳ್ಳುತ್ತವೆ. ಮೊದಲ ವಾರ 32 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸಿ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ, ಹಳೆ ಕಾಲದ ತಂತಿ ಬಲ್ಬು ಹುಡುಕಿ. ಮೂಗು ಮುಳುಗುವಷ್ಟು ಆಳದ, ಮರಿ ಬೀಳದಷ್ಟು ಕಿರಿದಾದ ನೀರಿನ ಪಾತ್ರೆ ಬೇಕು.

ತಿನ್ನಲು ಕೋಳಿಮರಿಯ ಸ್ಟಾರ್ಟರ್ ಪುಡಿ, ಔಷಧಿ ಬೆರೆಸದ್ದು, ಜೊತೆಗೆ ಸಣ್ಣಗೆ ಹೆಚ್ಚಿದ ಎಳೆ ಹುಲ್ಲು. ಬಾತಿನ ಮರಿಗೆ ನಯಾಸಿನ್ (ಬಿ3 ವಿಟಮಿನ್) ಕೋಳಿಮರಿಗಿಂತ ಹೆಚ್ಚು ಬೇಕು, ಕಡಿಮೆಯಾದರೆ ಕಾಲು ಸೊಟ್ಟಗಾಗುತ್ತದೆ. ಬ್ರೂವರ್ಸ್ ಯೀಸ್ಟ್ ಸಿಕ್ಕರೆ ಬೆರೆಸಿ. ಸಿಗದಿದ್ದರೆ ಪಶುವೈದ್ಯರನ್ನು ಕೇಳಿ ಬಿ ಕಾಂಪ್ಲೆಕ್ಸ್ ಕೊಡಿ. ಕೊಟ್ಟಿಗೆಯಲ್ಲಿ ದನಕ್ಕೆ ತಂದಿಟ್ಟ ಕಡಲೆಕಾಯಿ ಹಿಂಡಿ ಇದೆಯಲ್ಲ, ಅದನ್ನು ಮಾತ್ರ ಮುಟ್ಟಿಸಬೇಡಿ. ನಮ್ಮ ತೇವಕ್ಕೆ ಅದರಲ್ಲಿ ಬೂಷ್ಟು ಬರುತ್ತದೆ, ಆ ಬೂಷ್ಟಿನ ಅಫ್ಲಾಟಾಕ್ಸಿನ್ ವಿಷಕ್ಕೆ ಬಾತಿನ ಮರಿಗಳು ಬೇಗ ಬಲಿಯಾಗುತ್ತವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕಿ ಹೊರಟವರಿಗೆ ಸಿಕ್ಕಿದ್ದು ಬೂಷ್ಟು ಹಿಡಿದ ಇದೇ ಕಡಲೆಕಾಯಿ ಹಿಂಡಿ.

ಒಂದೇ ಮರಿ ಹುಟ್ಟುವ ಹಾಗೆ ಮಾಡಬೇಡಿ, ಕನಿಷ್ಠ ನಾಲ್ಕು ಮೊಟ್ಟೆ ಇಡಿ. ಕಣ್ಣು ಬಿಟ್ಟಾಗ ಕಂಡವರನ್ನೇ ಇವು ತಾಯಿ ಅಂದುಕೊಳ್ಳುತ್ತವೆ. ಕಾಡು ಹೆಬ್ಬಾತಿನ ಮರಿಗಳಲ್ಲಿ ಇದನ್ನು ಕೂಲಂಕಷವಾಗಿ ನೋಡಿದ ಕೊನ್ರಾಡ್ ಲೊರೆನ್ಸ್ 1973ರಲ್ಲಿ ನೊಬೆಲ್ ಹಂಚಿಕೊಂಡರು. ಒಂಟಿ ಮರಿ ನೀವು ಬಚ್ಚಲಿಗೆ ಹೋದರೂ ಬಾಗಿಲಲ್ಲಿ ನಿಂತು ಅರಚುತ್ತದೆ, ಆಮೇಲೆ ಬಾತುಗಳ ಗುಂಪಿಗೆ ಸೇರಿಸುವುದು ತ್ರಾಸು. ಈಜಲು ಅವಸರ ಬೇಡ. ತಾಯಿಯ ಮೈಯೆಣ್ಣೆ ತಾಗದ ನವಿರು ನೀರು ಹೀರಿಕೊಳ್ಳುತ್ತದೆ, ಮರಿ ಚಳಿಗೆ ಸಾಯುತ್ತದೆ. ಬೆಚ್ಚನೆ ನೀರಿನ ಬೋಗುಣಿಯಲ್ಲಿ ನಿಮ್ಮ ಕಣ್ಣೆದುರು ಐದು ನಿಮಿಷ, ಆಮೇಲೆ ಒರೆಸಿ ಬಲ್ಬಿನ ಕೆಳಗೆ. ಪುಕ್ಕ ಪೂರ್ತಿ ಬರಲು ಎರಡು ತಿಂಗಳ ಹತ್ತಿರ ಆಗುತ್ತದೆ. ಕೆರೆಗೆ ಬಿಡುವುದು ಆಮೇಲೆ. ರಾತ್ರಿ ಮಾತ್ರ ಬಾಗಿಲಿರುವ ಗೂಡಿನಲ್ಲೇ ಕೂಡಿ, ಕಬ್ಬೆಕ್ಕು ಎಷ್ಟು ದೊಡ್ಡ ಮರಿಯನ್ನಾದರೂ ಎಳೆದುಕೊಂಡು ಹೋಗುತ್ತದೆ.