ಥೀಸಿಸ್ ಬರೀವಾಗ ಸೋರ್ಸ್ ಹೇಗೆ ಕೊಡೋದು

ಮೊದಲನೇದು, ಓದ್ತಾ ಓದ್ತಾನೇ ಲೇಖಕರ ಹೆಸರು, ವರ್ಷ, ಪುಟದ ನಂಬರ್ ನೋಟ್ಸ್ ಪಕ್ಕದಲ್ಲೇ ಬರ್ಕೊಳ್ಳಿ, ಆಮೇಲೆ ಹುಡುಕ್ತೀನಿ ಅಂದ್ರೆ ಸಬ್ಮಿಟ್ ಮಾಡೋ ಹಿಂದಿನ ರಾತ್ರಿ ಯಾವ ಸಾಲು ಎಲ್ಲಿಂದ ಬಂತು ಅಂತಾನೇ ನೆನಪಿರಲ್ಲ. ಪುಸ್ತಕದ ಮಾತು ಹಾಗೇ ಇಳಿಸ್ಕೊಂಡ್ರೆ ಅಲ್ಲೇ ಕೊಟೇಶನ್ ಮಾರ್ಕ್ ಹಾಕ್ಬಿಡಿ.

ಜಾಸ್ತಿ ಜನ ಎಡವೋದು ಸ್ವಂತ ವಾಕ್ಯದಲ್ಲಿ ಬರೆಯೋ ಕಡೆ. "ವಚನಕಾರರು ಸಾಮಾನ್ಯರ ಆಡುಮಾತನ್ನು ಸಾಹಿತ್ಯಕ್ಕೆ ತಂದರು" ಅಂತಿದ್ರೆ, ಸಾಮಾನ್ಯರ ತೆಗ್ದು ಜನಸಾಮಾನ್ಯರ ಅಂತ ಹಾಕಿದ್ರೆ ಅದು ನಿಮ್ಮದಾಗಲ್ಲ. ಪುಸ್ತಕ ಮುಚ್ಚಿಟ್ಟು, ಅರ್ಥ ಆಗಿದ್ದನ್ನ ಪಕ್ಕದವರಿಗೆ ಹೇಳೋ ಥರ ಬರೀರಿ, ಆಮೇಲೆ ತಾಳೆ ನೋಡಿ, ಆಗ್ಲೂ ಸೋರ್ಸ್ ಕೊಡ್ಲೇಬೇಕು, ಯಾಕಂದ್ರೆ ವಾಕ್ಯ ನಿಮ್ಮದಾದ್ರೂ ವಿಚಾರ ಅವರದ್ದು. ಬಸವಣ್ಣ 12ನೇ ಶತಮಾನದವರು ಅನ್ನೋಕೆ ಸೋರ್ಸ್ ಬೇಡ, ಅದು ಎಲ್ರಿಗೂ ಗೊತ್ತು.

ಯುಜಿಸಿ (ವಿಶ್ವವಿದ್ಯಾಲಯಗಳನ್ನ ನೋಡ್ಕೊಳ್ಳೋ ಕೇಂದ್ರದ ಆಯೋಗ) 2018ರ ನಿಯಮದಲ್ಲಿ, ಥೀಸಿಸ್‌ಗೂ ಬೇರೆಯವರ ಬರಹಕ್ಕೂ ಹೋಲಿಕೆ 10% ಒಳಗಿದ್ರೆ ದಂಡ ಇಲ್ಲ, 60% ದಾಟಿದ್ರೆ ರಿಜಿಸ್ಟ್ರೇಶನ್ನೇ ಕ್ಯಾನ್ಸಲ್. ಸರಿಯಾಗಿ ಸೋರ್ಸ್ ಕೊಟ್ಟ ಕೊಟೇಶನ್ ಆ ಲೆಕ್ಕಕ್ಕೆ ಬರಲ್ಲ, ಹಾಗಾಗಿ ಕೊಟೇಶನ್ ಹಾಕೋಕೆ ಹೆದರ್ಬೇಡಿ.

ಇನ್ನೊಂದು, ಇಂಗ್ಲಿಷ್ ಲೇಖನ ಕನ್ನಡಕ್ಕೆ ತಂದು ಹೆಸರು ಹೇಳ್ದೇ ಇದ್ರೆ ಹೋಲಿಕೆ ಹುಡುಕೋ ಸಾಫ್ಟ್‌ವೇರ್‌ಗೆ ಸಿಗ್ದೇ ಇರಬಹುದು, ಆದ್ರೂ ಅದು ಕದ್ದಿದ್ದೇ.