ಹಿಡಿದ ಮೀನೋ, ಹ್ಯಾಚರಿ ಮೀನೋ: ಮಡಿಕೇರಿಯ ಉಪ್ಪುನೀರಿನ ತೊಟ್ಟಿ

ಅಂಗಡಿಯ ಸಿಹಿನೀರಿನ ಮೀನುಗಳಲ್ಲಿ ಹೆಚ್ಚಿನವು ಕೊಳಗಳಲ್ಲಿ ಮರಿ ಮಾಡಿಸಿದವು. ಉಪ್ಪುನೀರಿನಲ್ಲಿ ಇದು ತಿರುಗುಮುರುಗು. ಬಹುಪಾಲು ಜಾತಿಗಳನ್ನು ಇವತ್ತಿಗೂ ಹವಳದ ದಿಬ್ಬಗಳಿಂದ ಹಿಡಿದೇ ತರುತ್ತಾರೆ. ನನ್ನ ತೊಟ್ಟಿಯಲ್ಲಿ ಒಂದು ಸತ್ತರೆ ಆ ಜಾಗಕ್ಕೆ ಸಮುದ್ರದಿಂದ ಇನ್ನೊಂದು ಬರಬೇಕು. ಕಕ್ಕಡ ತಿಂಗಳ ಮಳೆಗೆ ಕರೆಂಟು ಇಡೀ ದಿನ ಹೋಗುವ ಊರಿನಲ್ಲಿ ಈ ಲೆಕ್ಕ ಮರೆಯುವ ಹಾಗಿಲ್ಲ. ಅದಕ್ಕೇ ನಾನು ತರುವುದು ಹ್ಯಾಚರಿ ಮೀನು, ಅಂದರೆ ತೊಟ್ಟಿಯಲ್ಲೇ ಮರಿ ಮಾಡಿಸಿದ ಮೀನು ಮಾತ್ರ.

ಹಿಡಿಯುವುದೆಲ್ಲ ಪಾಪ ಎಂದು ನಾನು ಹೇಳುವುದಿಲ್ಲ. ಕೈಬಲೆಯಲ್ಲಿ ಒಂದೊಂದೇ ಹಿಡಿಯುವ ದ್ವೀಪದ ಮೀನುಗಾರನಿಗೆ ಆ ದಿಬ್ಬ ಉಳಿದರೇ ಅನ್ನ. ತೊಂದರೆ ಇರುವುದು ಬೇರೆ ಕಡೆ. ಬಲೆಯಲ್ಲಿ ಹಿಡಿದದ್ದು ಯಾವುದು, ಸೋಡಿಯಂ ಸಯನೈಡ್ ಎರಚಿ ಮಂಪರು ಬರಿಸಿ ಹಿಡಿದದ್ದು ಯಾವುದು ಎಂದು ಗಾಜಿನ ಈಚೆ ನಿಂತವನಿಗೆ ಗೊತ್ತಾಗುವುದಿಲ್ಲ. ಸಯನೈಡ್ ಉಂಡದ್ದಾದರೆ ಅಂಗಡಿಯಲ್ಲಿ ಚೆನ್ನಾಗಿ ತಿಂದ ಮೀನೇ ಮನೆಗೆ ಬಂದು ಕೆಲವೇ ವಾರಗಳಲ್ಲಿ ಸೊರಗಿ ಸಾಯಬಹುದು.

ಆದ್ದರಿಂದ ಜಾತಿ ನೋಡಿ ತೀರ್ಮಾನಿಸುತ್ತೇನೆ. ಬಂಗ್ಗೈ ಕಾರ್ಡಿನಲ್ ಮೀನು ಸಹಜವಾಗಿ ಇರುವುದು ಇಂಡೋನೇಷ್ಯಾದ ಬಂಗ್ಗೈ ದ್ವೀಪಗಳ ಸುತ್ತ. ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುತ್ತದೆ. ಹೊರಬಿದ್ದ ಮರಿ ಅಲೆಯ ಜೊತೆ ತೇಲಿ ದೂರ ಹೋಗದೆ ಅಲ್ಲೇ ಉಳಿಯುತ್ತದೆ. ಒಂದು ಕೊಲ್ಲಿಯನ್ನು ಬರಿದು ಮಾಡಿದರೆ ಹೊರಗಿನಿಂದ ಬಂದು ತುಂಬುವ ಮರಿಗಳಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ 2007ರಲ್ಲೇ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಅದೇ ಸ್ವಭಾವದಿಂದಾಗಿ ಮನೆಯಲ್ಲಿ ಮರಿ ಮಾಡಿಸಲು ಇದರಷ್ಟು ಸುಲಭದ ಕಡಲ ಮೀನು ಇನ್ನೊಂದಿಲ್ಲ: ಮರಿ ಮೊದಲ ದಿನವೇ ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ತಿನ್ನುತ್ತದೆ. ಹೀಗಿರುವಾಗ ಹಿಡಿದದ್ದನ್ನು ಕೊಳ್ಳಲು ಯಾವ ನೆಪವೂ ಇಲ್ಲ. ಕ್ಲೀನರ್ ರಾಸ್ ಮೀನನ್ನು ಬಿಟ್ಟೇಬಿಟ್ಟೆ. ಬೇರೆ ಮೀನುಗಳ ಮೈಮೇಲಿನ ಪರಾವಲಂಬಿ ತಿಂದು ಬದುಕುವ ಅದಕ್ಕೆ ಸಣ್ಣ ತೊಟ್ಟಿಯಲ್ಲಿ ಉಪವಾಸವೇ ಗತಿ. ಹವಳ, ಸಮುದ್ರಕುದುರೆಗಳ ಬಗ್ಗೆ ಚರ್ಚೆಯೇ ಬೇಡ, ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತವೆ.

"ಬ್ರೀಡ್ ಮಾಡಿದ್ದೇ ಸಾರ್" ಎಂಬ ಮಾತಿನ ಮೇಲೆ ದುಡ್ಡು ಕೊಡುವುದಿಲ್ಲ. ಎದುರಿಗೇ ಪೆಲೆಟ್ (ಒಣ ಗುಳಿಗೆ ಆಹಾರ) ಹಾಕಿಸುತ್ತೇನೆ. ಹ್ಯಾಚರಿಯ ಕ್ಲೌನ್ ಮೀನು, ಅಂದರೆ ಬಿಳಿ ಪಟ್ಟಿಯ ಕಿತ್ತಳೆ ಮೀನು, ಕೈ ಕಂಡರೆ ನೀರಿನ ಮೇಲಕ್ಕೆ ಬರುತ್ತದೆ, ಮೂಲೆ ಹಿಡಿಯುವುದಿಲ್ಲ. ಒಂದೇ ತೊಟ್ಟಿಯ ಮರಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ, ಕೆಲವಕ್ಕೆ ಬಿಳಿ ಪಟ್ಟಿ ಅರ್ಧಕ್ಕೇ ನಿಂತಿರುತ್ತದೆ. ಮೊಟ್ಟೆ ಒಡೆದ ತಾರೀಖು ಕೇಳುತ್ತೇನೆ. ಮರಿ ಮಾಡಿಸಿದವನಿಗೆ ಅದು ಬಾಯಲ್ಲೇ ಇರುತ್ತದೆ. ನಮ್ಮ ದೇಶದಲ್ಲೇ ಸಿಎಂಎಫ್‌ಆರ್‌ಐ (ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಕ್ಲೌನ್ ಮರಿ ಮಾಡಿಸುವ ವಿಧಾನ ರೂಪಿಸಿರುವಾಗ ಹಿಡಿದ ಕ್ಲೌನ್‌ಗೆ ಮಾರುಕಟ್ಟೆ ಇರುವುದೇ ನನಗೆ ಸೋಜಿಗ. ಉದ್ದ ರೆಕ್ಕೆಯ, ಬಣ್ಣ ಕಲಸಿದಂಥ ತಳಿಗಳನ್ನು ಮಾತ್ರ ಹ್ಯಾಚರಿಯದಾದರೂ ನಾನು ತರುವುದಿಲ್ಲ.

ಮರಿ ಮಾಡಿಸುವ ಕೆಲಸ ಹೀಗೆ. ಜೋಡಿ ಕ್ಲೌನ್ ಸುಮಾರು ಎರಡು ವಾರಕ್ಕೊಮ್ಮೆ ಮಣ್ಣಿನ ಕುಂಡಕ್ಕೆ ಮೊಟ್ಟೆ ಅಂಟಿಸುತ್ತದೆ. ಮೊದಲು ಕಿತ್ತಳೆ, ದಿನ ಹೋದಂತೆ ಕಪ್ಪು, ಕೊನೆಗೆ ಬೆಳ್ಳಿಚುಕ್ಕಿಯಂಥ ಕಣ್ಣು. 27 ಡಿಗ್ರಿಯಲ್ಲಿ ಏಳೆಂಟನೆಯ ರಾತ್ರಿ, ದೀಪ ಆರಿದ ಮೇಲೆ ಒಡೆಯುತ್ತದೆ. ಆ ಸಂಜೆ ಕುಂಡವನ್ನು, ಸುತ್ತ ಕಪ್ಪು ಕಾಗದ ಅಂಟಿಸಿದ 20 ಲೀಟರಿನ ಟಬ್ಬಿಗೆ, ಅದೇ ತೊಟ್ಟಿಯ ನೀರು ಹಾಕಿ, ಸಾಗಿಸುತ್ತೇನೆ. ಏರ್ ಸ್ಟೋನಿನ ಗುಳ್ಳೆ ಮೊಟ್ಟೆಗಳನ್ನು ಸವರಿಕೊಂಡೇ ಏರಬೇಕು, ಅಪ್ಪ ಮೀನು ರೆಕ್ಕೆ ಬೀಸುತ್ತಿದ್ದ ಹಾಗೆ.

ಬೆಳಗ್ಗೆಯಿಂದ ಮರಿಗಳಿಗೆ ಆಹಾರ ರೊಟಿಫರ್ ಎಂಬ ಸೂಕ್ಷ್ಮಜೀವಿ, ಮಿಲಿಲೀಟರಿಗೆ ಹತ್ತು. ಒಂದು ಮಿಲಿ ನೀರನ್ನು ಸಿರಿಂಜಿನಲ್ಲಿ ಎಳೆದು ಬೆಳಕಿಗೆ ಹಿಡಿದರೆ ಬಿಳಿ ಚುಕ್ಕಿಗಳು ಉರುಳಾಡುವುದು ಕಾಣುತ್ತದೆ; ಎಣಿಸಿ. ನ್ಯಾನೊಕ್ಲೊರಾಪ್ಸಿಸ್ ಪಾಚಿಯಿಂದ ನೀರು ತೆಳು ಹಸಿರಿರಲಿ, ಇಲ್ಲವಾದರೆ ರೊಟಿಫರ್ ಸೊರಗಿ, ಅದನ್ನು ತಿಂದ ಮರಿಯೂ ಸೊರಗುತ್ತದೆ. ಆರೇಳನೆಯ ದಿನ ಆರ್ಟೀಮಿಯ ಶುರು. ಬೇಗ ಕೊಟ್ಟರೆ ನುಂಗಿ ಅರಗಿಸಲಾರದೆ ಸಾಯುತ್ತವೆ. ತಳದ ಕೊಳೆಯನ್ನು ಏರ್ ಪೈಪಿನಿಂದ ದಿನವೂ ಎಳೆದು, ಎರಡು ಲೀಟರು ಹೊಸ ನೀರನ್ನು ತೊಟ್ಟಿಕ್ಕಿಸುತ್ತೇನೆ; ಅಮೋನಿಯ ಏರಿದರೆ ಒಂದೇ ರಾತ್ರಿಗೆ ಟಬ್ಬು ಖಾಲಿ. ಹತ್ತು ಹನ್ನೆರಡು ದಿನಕ್ಕೆ ತಲೆಯ ಬಿಳಿ ಪಟ್ಟಿ ಬಂದರೆ ಅರ್ಧ ಗೆದ್ದಂತೆ.

ಕೊಡಗಿನದೇ ಕಾಟಗಳೂ ಇವೆ. ಡಿಸೆಂಬರಿನ ಚಳಿಗೆ 20 ಲೀಟರಿಗೂ 100 ವ್ಯಾಟಿನ ಹೀಟರ್, ಸುತ್ತ ಥರ್ಮೊಕೋಲ್ ಬೇಕು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ನೀರು ಹಿಡಿದುಕೊಳ್ಳುವ ಆಮ್ಲಜನಕ ಕಡಲತೀರಕ್ಕಿಂತ ಎಂಟನೇ ಒಂದರಷ್ಟು ಕಡಿಮೆ. ಪುಸ್ತಕದ ಲೆಕ್ಕಕ್ಕಿಂತ ಮೀನು ಕಮ್ಮಿ ಬಿಡಿ, ಬ್ಯಾಟರಿ ಏರ್ ಪಂಪ್ ಎರಡಿರಲಿ. ಮಳೆನೀರು ಮೃದು, ಉಪ್ಪು ಕರಗಿಸಲು ಚೆನ್ನ. ಆದರೆ ತೋಟಕ್ಕೆ ಶಿಲೀಂಧ್ರ ತಡೆಯುವ ಬೋರ್ಡೋ ದ್ರಾವಣ ಹೊಡೆಯುವ ವಾರಗಳಲ್ಲಿ ಮಾಡಿನ ನೀರು ಮುಟ್ಟುವುದಿಲ್ಲ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್) ಹಾಕಿದ ದ್ರಾವಣ ಗಾಳಿಗೆ ಹಾರಿ ಹಂಚಿನ ಮೇಲೆ ಕೂತಿರುತ್ತದೆ. ಆ ತಾಮ್ರವನ್ನು ಮೀನು ತಡೆದುಕೊಂಡರೂ ರೊಟಿಫರ್, ಸೀಗಡಿ ತಡೆಯುವುದಿಲ್ಲ.

ಎರಡೂವರೆ ತಿಂಗಳಿಗೆ ಮರಿ ಪೆಲೆಟ್ ತಿನ್ನುತ್ತಿದ್ದರೆ ಕೊಡಬಹುದು. ಚೀಲದ ಮೇಲೆ ಮೊಟ್ಟೆ ಒಡೆದ ತಾರೀಖು ಬರೆದೇ ಕೊಡುತ್ತೇನೆ.