ನೀರಿನ ಟಾಕಿ ಅಳೆದ ಟ್ಯಾಬ್‌ಗಳು

ವಿಜಯಪುರ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಬೆಂಗಳೂರು, ಪುಣೆ ಕಡೆ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ದುಡ್ಡು ಕೂಡಿಸಿ ಶಾಲೆಗೆ 12 ಟ್ಯಾಬ್ ಕೊಡಿಸಿದರು. ಆ ವರ್ಷ ಹತ್ತನೇ ತರಗತಿಯಲ್ಲಿ 47 ಮಕ್ಕಳಿದ್ದರು. ಟ್ಯಾಬಿಗೆ ನಾಲ್ವರಂತೆ ಗುಂಪು ಮಾಡಿದೆ. ಒಂದು ಗುಂಪಿನಲ್ಲಿ ಮಾತ್ರ ಮೂವರು.

ಮೊದಲ ಎರಡು ತಿಂಗಳು ನಾನು ಮಾಡಿದ್ದು ಸುಲಭದ ಕೆಲಸ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ, ಅದನ್ನು ದೀಕ್ಷಾ ಆ್ಯಪ್‌ನಲ್ಲಿ ತೆರೆದರೆ ಪಾಠದ ವಿಡಿಯೋ ಸಿಗುತ್ತದೆ. ನಮ್ಮ ಶಾಲೆಯಲ್ಲಿ ನೆಟ್ ಸರಿಯಾಗಿ ಬರುವುದಿಲ್ಲ. ಹಾಗಾಗಿ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಬರುತ್ತಿದ್ದೆ. ಟ್ಯಾಬ್ ಹಂಚಿದ ಕೂಡಲೇ ತರಗತಿ ತಣ್ಣಗಾಗುತ್ತಿತ್ತು. ಮಕ್ಕಳು ಕಲಿಯುತ್ತಿದ್ದಾರೆ ಅಂತ ನನಗೆ ಖುಷಿ. ಮರುದಿನ ಅದೇ ಲೆಕ್ಕ ಬೋರ್ಡ್ ಮೇಲೆ ಬರೆದರೆ ನಾಲ್ಕೈದು ಮಕ್ಕಳನ್ನು ಬಿಟ್ಟು ಯಾರಿಗೂ ಬರುತ್ತಿರಲಿಲ್ಲ. ಸುಮ್ನೆ ಕೂತು ನೋಡಿದ್ದರು, ಅಷ್ಟೇ.

ಒಂದು ದಿನ ಪಾಠ ಮಾಡದೆ ಹಿಂದಿನ ಬೆಂಚಿನ ಹತ್ತಿರ ನಿಂತು ನೋಡಿದೆ. ಟ್ಯಾಬ್ ಯಾರ ಕೈಯಲ್ಲಿದೆ? ಹನ್ನೆರಡು ಗುಂಪಿನಲ್ಲಿ ಒಂಬತ್ತರಲ್ಲಿ ಹುಡುಗರ ಕೈಯಲ್ಲಿತ್ತು. ಹುಡುಗಿಯರು ಪಕ್ಕದಲ್ಲಿ ಕೂತು ಕುತ್ತಿಗೆ ಚಾಚಿ ನೋಡುತ್ತಿದ್ದರು, ಇಲ್ಲವೇ ನೋಟ್‌ಬುಕ್ಕಿನಲ್ಲಿ ಚಂದಗೆ ಗೆರೆ ಎಳೆದು ಎಲ್ಲರ ಪರವಾಗಿ ಬರೆಯುತ್ತಿದ್ದರು. ಯಾರೂ ಅವರನ್ನು ದೂಡಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ.

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ನಡೆಸಿದ ವಿದ್ಯಾಗಮ ಕಾರ್ಯಕ್ರಮದ ದಿನಗಳು ನೆನಪಾದವು. ಆಗ ಮನೆಮನೆಗೆ ಹೋಗಿ ಯಾವ ಮಗುವಿಗೆ ಸ್ಮಾರ್ಟ್‌ಫೋನ್ ಇದೆ, ಯಾರ ಮನೆಯಲ್ಲಿ ಸಾದಾ ಫೋನ್, ಯಾರಿಗೆ ಏನೂ ಇಲ್ಲ ಅಂತ ಪಟ್ಟಿ ಮಾಡಿದ್ದೆವು. ‘ಫೋನ್ ಇದೆ’ ಅಂತ ಬರೆದುಕೊಂಡ ಎಷ್ಟೋ ಮನೆಗಳಲ್ಲಿ ಅದು ಅಪ್ಪನ ಜೇಬಿನಲ್ಲೋ ಅಣ್ಣನ ಕೈಯಲ್ಲೋ ಇರುತ್ತಿತ್ತು. ಮನೆಯಲ್ಲಿ ಇದ್ದದ್ದೇ ಈಗ ನನ್ನ ತರಗತಿಯಲ್ಲೂ ನಡೆದಿತ್ತು. ನನಗೆ ಬಹಳ ಬೇಸರವಾಯಿತು.

ಮರುದಿನದಿಂದ ಸರದಿ ಹಾಕಿದೆ. ಒಬ್ಬರು ಹಿಡಿಯಬೇಕು, ಒಬ್ಬರು ಓದಬೇಕು, ಒಬ್ಬರು ಬರೆಯಬೇಕು, ಒಬ್ಬರು ತಪ್ಪು ಹುಡುಕಬೇಕು. ಹತ್ತು ನಿಮಿಷಕ್ಕೊಮ್ಮೆ ಚಪ್ಪಾಳೆ ಹೊಡೆದರೆ ಬದಲಿ. ಮೊದಲ ಸಲ ಟ್ಯಾಬ್ ಕೈಗೆ ಬಂದಾಗ ಒಬ್ಬ ಹುಡುಗಿ ಅದನ್ನು ಬಿಸಿ ತಾಟು ಹಿಡಿದ ಹಾಗೆ ಅಂಚಿನಲ್ಲಿ ಎರಡೇ ಬೆರಳಲ್ಲಿ ಹಿಡಿದಿದ್ದಳು. ‘ಗಟ್ಟಿ ಹಿಡ್ಕೊ’ ಅಂದೆ. ಮೆಲ್ಲಗೆ ಕೇಳಿದಳು, ‘ಒಡದ್ರ ನಮ್ಮಪ್ಪ ಎಲ್ಲಿಂದ ತುಂಬ್ತಾನ್ರಿ ಟೀಚರ್?’

ಈ ಮಾತು ನನಗೆ ಹೊಳೆದೇ ಇರಲಿಲ್ಲ. ಅವಳ ಅಪ್ಪ ಕಬ್ಬು ಕಡಿಯಲು ಹೋಗುವವರು. ಆವತ್ತೇ ಮುಖ್ಯ ಶಿಕ್ಷಕರ ಹತ್ತಿರ ಮಾತಾಡಿ, ಟ್ಯಾಬ್ ಒಡೆದರೆ ಯಾವ ಮಗುವೂ ದುಡ್ಡು ಕೊಡಬೇಕಿಲ್ಲ ಅಂತ ಬೋರ್ಡಿನ ಮೂಲೆಯಲ್ಲಿ ಬರೆದೆ. ವರ್ಷಪೂರ್ತಿ ಅದನ್ನು ಅಳಿಸಲಿಲ್ಲ. ಎರಡು ವರ್ಷದಲ್ಲಿ ಒಡೆದದ್ದು ಎರಡು ಪರದೆ. ಒಂದನ್ನು ವಿಜಯಪುರದ ಮೊಬೈಲ್ ಅಂಗಡಿಯಲ್ಲಿ ಹಾಕಿಸಿದೆವು, ಇನ್ನೊಂದು ಸೀಳಿದ್ದರೂ ಕೆಲಸ ಮಾಡುತ್ತಿದೆ.

ಆದರೂ ಚಪ್ಪಾಳೆಯ ಸರದಿಯಲ್ಲಿ ಏನೋ ಕಡಿಮೆ ಇತ್ತು. ನಾನು ನೋಡುತ್ತಿದ್ದರೆ ನಡೆಯುತ್ತಿತ್ತು, ಕಣ್ಣು ತಪ್ಪಿದರೆ ಟ್ಯಾಬ್ ಮತ್ತೆ ಅದೇ ಕೈಗೆ. ಹಂಚಿಕೊಳ್ಳದೆ ಮಾಡಲು ಆಗದಂಥ ಕೆಲಸವನ್ನೇ ಕೊಡಬೇಕಿತ್ತು. ಅದು ಸಿಕ್ಕಿದ್ದು ತ್ರಿಕೋನಮಿತಿಯಲ್ಲಿ.

ಹತ್ತನೇ ತರಗತಿಯಲ್ಲಿ ಉನ್ನತ ಕೋನದ ಲೆಕ್ಕಗಳು ಬರುತ್ತವೆ. ಗೋಪುರದಿಂದ ಇಷ್ಟು ದೂರ ನಿಂತರೆ ತುದಿ ಇಷ್ಟು ಕೋನದಲ್ಲಿ ಕಾಣುತ್ತದೆ, ಎತ್ತರ ಎಷ್ಟು? ಮಕ್ಕಳು ಸೂತ್ರ ಬಾಯಿಪಾಠ ಮಾಡುತ್ತಾರೆ, ಕೋನ ಎಲ್ಲಿದೆ ಅಂದರೆ ಪುಸ್ತಕದ ಚಿತ್ರಕ್ಕೆ ಬೆರಳಿಡುತ್ತಾರೆ. ಟ್ಯಾಬ್ ಎಷ್ಟು ವಾಲಿದೆ ಅಂತ ತಿಳಿಯುವ ಸಣ್ಣ ಸೆನ್ಸರ್ ಅದರೊಳಗೇ ಇರುತ್ತದೆ. ಅಡ್ಡ ಹಿಡಿದರೆ ಪರದೆ ತಾನೇ ತಿರುಗುತ್ತದಲ್ವಾ, ಅದು ಇದರಿಂದಲೇ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಆ ವಾಲಿಕೆಯನ್ನು ಡಿಗ್ರಿಯಲ್ಲಿ ತೋರಿಸುತ್ತದೆ. ಒಮ್ಮೆ ಹಾಕಿಕೊಂಡರೆ ಸಾಕು, ಅಳೆಯಲು ನೆಟ್ ಬೇಡ.

ಅಳೆಯಲು ಊರ ನೀರಿನ ಟಾಕಿಯನ್ನು ಆರಿಸಿದೆವು. ಡಿಸೆಂಬರ್ ತಿಂಗಳು, ಬೆಳಗಿನ ಮೊದಲ ಎರಡು ಪಿರಿಯಡ್. ಬಿಸಿಲೇರಿದ ಮೇಲೆ ಪರದೆ ಕಾಣುವುದಿಲ್ಲ, ಟ್ಯಾಬೂ ಸುಡುತ್ತದೆ. ಹಿಂದಿನ ದಿನ ಶಾಲೆಯ ಕಂಬದ ಮೇಲೆ ಪ್ರಯೋಗ ಮಾಡಿದಾಗ ಒಂದೊಂದು ಗುಂಪಿಗೆ ಒಂದೊಂದು ಉತ್ತರ ಬಂದಿತ್ತು. ರಬ್ಬರ್ ಕವರಿನ ಅಂಚು ಉಬ್ಬಿರುವುದರಿಂದ ಗುರಿ ತಪ್ಪುತ್ತಿತ್ತು. ಹಾಗಾಗಿ ಕವರ್ ತೆಗೆದು, ರಿಫಿಲ್ ಇಲ್ಲದ ಬಾಲ್‌ಪೆನ್ನಿನ ಕೊಳವೆಯನ್ನು ಟ್ಯಾಬಿನ ಉದ್ದ ಅಂಚಿಗೆ ಟೇಪ್ ಹಚ್ಚಿ ಅಂಟಿಸಿದೆವು. ಕೊಳವೆಯೊಳಗಿಂದ ಟಾಕಿಯ ಮೇಲಂಚು ಕಾಣಬೇಕು. ಕೊಳವೆಗೆ ಕಣ್ಣಿಟ್ಟವರಿಗೆ ಪರದೆಯ ಅಂಕಿ ಕಾಣುವುದಿಲ್ಲ. ಪಕ್ಕದಲ್ಲಿ ನಿಂತು ಇನ್ನೊಬ್ಬರು ಓದಲೇಬೇಕು. ಮೂರನೆಯವರು ಅಳತೆಯ ಟೇಪು ಎಳೆಯಬೇಕು, ನಾಲ್ಕನೆಯವರು ಬರೆಯಬೇಕು. ಆವತ್ತು ನಾನು ಒಂದು ಸಲವೂ ಚಪ್ಪಾಳೆ ಹೊಡೆಯಲಿಲ್ಲ.

ಉದ್ದ ಜಿಗಿತ ಅಳೆಯುವ ಟೇಪನ್ನು ಪಿ.ಇ. ಸರ್ ಕೊಟ್ಟಿದ್ದರು. ಟಾಕಿಯ ಕಂಬದಿಂದ 20 ಮೀಟರಿಗೆ ಸುಣ್ಣದಲ್ಲಿ ಗೆರೆ ಎಳೆದೆವು. ಅದೇ ಹುಡುಗಿಯ ಗುಂಪಿಗೆ ಕೋನ 42 ಡಿಗ್ರಿ ಬಂತು, ಕಣ್ಣಿನ ಎತ್ತರ 1.3 ಮೀಟರ್. ಕೋನದ ಟ್ಯಾನ್ ಬೆಲೆಯನ್ನು ದೂರದಿಂದ ಗುಣಿಸಿ ಕಣ್ಣಿನ ಎತ್ತರ ಕೂಡಿಸಿದರೆ ಟಾಕಿಯ ಎತ್ತರ. ಟ್ಯಾಬಿನ ಕ್ಯಾಲ್ಕುಲೇಟರ್ ಒತ್ತಿದರು. ಒಬ್ಬ ಹುಡುಗ ಕೂಗಿದ, ‘ಟೀಚರ್, ನಮ್ಮ ಟಾಕಿ 47 ಮೀಟರ್ ಐತ್ರಿ!’

ಗೋಳಗುಮ್ಮಟವೇ ಸುಮಾರು 51 ಮೀಟರ್. ನಾನು ಏನೂ ಹೇಳಲಿಲ್ಲ. ತಪ್ಪು ಹುಡುಕುವ ಸರದಿ ಆ ಹುಡುಗಿಯದು. ಟ್ಯಾಬ್ ಇಸಿದುಕೊಂಡಳು, ಈ ಸಲ ಪೂರ್ತಿ ಅಂಗೈಯಲ್ಲಿ. ಮತ್ತೆ ಒತ್ತಿದಳು. ಟ್ಯಾನ್ 42 ಅಂದರೆ 2.29 ಅಂತ ತೋರಿಸಿತು. ಸ್ವಲ್ಪ ಹೊತ್ತು ಅದನ್ನೇ ನೋಡಿ ಅಂದಳು, ‘ಟ್ಯಾನ್ 45 ಒಂದಲ್ಲೇನ್ರಿ? 42 ಅದಕ್ಕಿಂತ ಸಣ್ಣದು. ಎರಡರ ಮ್ಯಾಲ ಹೆಂಗ ಬರ್ತೈತಿ? ಇದು ಸುಳ್ಳ ಹೇಳ್ಲಾಕತ್ತೈತ್ರಿ.’

ಇಪ್ಪತ್ತು ವರ್ಷದ ನೌಕರಿಯಲ್ಲಿ ಇಷ್ಟು ಸಂತೋಷ ಕೊಟ್ಟ ಮಾತು ಇನ್ನೊಂದಿಲ್ಲ. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿತ್ತು. ಕೋನ ಅಳೆಯಲು ಇನ್ನೊಂದು ಪದ್ಧತಿ ಇದೆ, ಮುಂದೆ ಪಿಯುಸಿಯಲ್ಲಿ ಬರುತ್ತದೆ ಅಂತ ಹೇಳಿ, ಡಿಗ್ರಿಗೆ ಬದಲಾಯಿಸುವುದನ್ನು ತೋರಿಸಿದೆ. ಈಗ 0.90 ಬಂತು. ಇಪ್ಪತ್ತರಿಂದ ಗುಣಿಸಿ 1.3 ಕೂಡಿಸಿದರೆ 19.3 ಮೀಟರ್.

ನೀರು ಬಿಡುವ ಕಾಕಾ ಆಗಲೇ ಹಗ್ಗ ತೆಗೆದುಕೊಂಡು ಮೇಲೆ ಹತ್ತಿದ್ದರು. ಮಕ್ಕಳನ್ನು ಹತ್ತಲು ಬಿಡಲಿಲ್ಲ. ಹಗ್ಗದ ತುದಿಗೆ ಕಲ್ಲು ಕಟ್ಟಿ ಮೇಲಂಚಿನಿಂದ ಇಳಿಬಿಟ್ಟರು. ಅಳೆದರೆ 18.8 ಮೀಟರ್. ಅರ್ಧ ಮೀಟರ್ ವ್ಯತ್ಯಾಸ ಎಲ್ಲಿಂದ ಬಂತು? ಒಬ್ಬ ಕೈ ನಡುಗಿತು ಅಂದ, ಒಬ್ಬಳು ಟೇಪು ಜೋತುಬಿತ್ತು ಅಂದಳು. ಆ ಹುಡುಗಿ ಜೋತಾಡುತ್ತಿದ್ದ ಕಲ್ಲಿನ ಹತ್ತಿರ ಹೋಗಿ ನಿಂತಳು. ಕಲ್ಲು ಕಂಬಕ್ಕೆ ತಾಗಿರಲಿಲ್ಲ, ನಮ್ಮ ಗೆರೆಯ ಕಡೆಗೆ ಮುಂದೆ ಇತ್ತು. ಟಾಕಿಯ ಹೊಟ್ಟೆ ಕಂಬಕ್ಕಿಂತ ಮುಂದೆ ಚಾಚಿಕೊಂಡಿದೆ. ಅಳೆದರೆ 60 ಸೆಂಟಿಮೀಟರ್. ಅಂದರೆ ನಾವು ಗುರಿಯಿಟ್ಟ ಅಂಚು ಇದ್ದದ್ದು 19.4 ಮೀಟರ್ ದೂರದಲ್ಲಿ. ಅಲ್ಲೇ ನೆಲದ ಮೇಲೆ ಕೂತು ಮತ್ತೆ ಲೆಕ್ಕ ಮಾಡಿದರು. 18.8.

ಆ ಅಧ್ಯಾಯ ಮತ್ತೆ ಕಲಿಸುವ ಅಗತ್ಯ ಬರಲಿಲ್ಲ.

ಕೈಯಲ್ಲಿ ಹಿಡಿಯುವ ಕಂಪ್ಯೂಟರನ್ನು ಮಕ್ಕಳಿಗೆ ಕೊಡಬೇಕು ಅಂತ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಅಲನ್ ಕೇ 1972ರಲ್ಲೇ ಬರೆದಿದ್ದರು. ಅಂಥ ಯಂತ್ರ ಆಗ ಇರಲೇ ಇಲ್ಲ. ಅವರು ಊಹಿಸಿಕೊಂಡ ಇಬ್ಬರು ಮಕ್ಕಳು ಅದನ್ನು ಹಿಡಿದು ಕೂತಿದ್ದು ಹೊರಗೆ, ಹುಲ್ಲಿನ ಮೇಲೆ. ಇದನ್ನು ಓದಿದಾಗ ನನಗೆ ನಮ್ಮ ಮಕ್ಕಳು ಟಾಕಿಯ ಕೆಳಗೆ ಕೂತದ್ದೇ ಕಣ್ಣಿಗೆ ಬಂತು. ವಿಡಿಯೋ ಬೇಡ ಅಂತ ನಾನು ಹೇಳುವುದಿಲ್ಲ. ಗೈರುಹಾಜರಾದ ಮಗುವಿಗೆ ಈಗಲೂ ತೋರಿಸುತ್ತೇನೆ. ಆದರೆ ಅಳೆಯುವುದು, ಎಣಿಸುವುದು, ಹೋಲಿಸುವುದು ಇದ್ದಾಗಲೇ ಟ್ಯಾಬ್ ಪೆಟ್ಟಿಗೆಯಿಂದ ಹೊರಗೆ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇದನ್ನು ಮಾಡಬೇಕೆಂದಿರುವ ಶಿಕ್ಷಕರಿಗೆ ಕೆಲವು ಸಣ್ಣ ಮಾತು. ಚಾರ್ಜಿಂಗಿಗೆ ದುಬಾರಿ ಪೆಟ್ಟಿಗೆ ಬೇಕಿಲ್ಲ. ಅಡುಗೆಮನೆಯ ತಾಟು ಇಡುವ ಸ್ಟ್ಯಾಂಡ್ ತಂದು ಟ್ಯಾಬ್‌ಗಳನ್ನು ನಿಲ್ಲಿಸಿಡಿ, ನಡುವೆ ಗಾಳಿಯಾಡುತ್ತದೆ. ನಮ್ಮಲ್ಲಿ ಲೈಟ್ ಯಾವಾಗ ಹೋಗುತ್ತದೋ ಗೊತ್ತಾಗುವುದಿಲ್ಲ, ಹಾಗಾಗಿ ಹಿಂದಿನ ದಿನವೇ ಚಾರ್ಜ್ ಮಾಡಿಸುತ್ತೇನೆ. ಹಿಂಬದಿಗೆ ಉಗುರು ಬಣ್ಣದಲ್ಲಿ ನಂಬರ್ ಬರೆಯಿರಿ, ಬೇಗ ಅಳಿಸುವುದಿಲ್ಲ. ನಾವು ನಂಬರಿನ ಕೆಳಗೆ ‘ಡಿಗ್ರಿ ನೋಡು’ ಅಂತಲೂ ಬರೆದಿದ್ದೇವೆ. ಕೊಳ್ಳುವ ಮೊದಲು ಒಂದು ಟ್ಯಾಬಿಗೆ ಆ್ಯಪ್ ಹಾಕಿ ಸೆನ್ಸರ್ ಇದೆಯೋ ಇಲ್ಲವೋ ನೋಡಿ. ವಾಲಿಕೆ ಅಳೆಯುವುದು ಸಾಮಾನ್ಯವಾಗಿ ಇರುತ್ತದೆ, ದಿಕ್ಸೂಚಿಯ ಸೆನ್ಸರ್ ಅಗ್ಗದ ಟ್ಯಾಬ್‌ಗಳಲ್ಲಿ ಎಷ್ಟೋ ಸಲ ಇರುವುದಿಲ್ಲ.

ಜನವರಿಯಲ್ಲಿ ಮಕ್ಕಳನ್ನು ವಿಜಯಪುರಕ್ಕೆ ಕರೆದುಕೊಂಡು ಹೋದೆವು. 1584ರಲ್ಲಿ ಕಟ್ಟಿದ ಉಪ್ಲಿ ಬುರುಜನ್ನು ಮೊದಲು ಅಳೆದರು. ಪುಸ್ತಕಗಳಲ್ಲಿ ಅದು ಸುಮಾರು 80 ಅಡಿ, ಅಂದರೆ 24 ಮೀಟರ್ ಚಿಲ್ಲರೆ. ಮಕ್ಕಳಿಗೆ 24.2 ಬಂತು. ಆಮೇಲೆ ಗೋಳಗುಮ್ಮಟ. ಎದುರಿನ ತೋಟದಲ್ಲಿ ಆ ಹುಡುಗಿ ಕೊಳವೆಗೆ ಕಣ್ಣಿಟ್ಟು ತುಂಬ ಹೊತ್ತು ಹುಡುಕಿದಳು. ಟ್ಯಾಬ್ ಇಳಿಸಿ ಅಂದಳು, ‘ತುದೀನ ಕಾಣವಲ್ದ್ರಿ ಟೀಚರ್. ಗ್ವಾಡಿ ಅಡ್ಡ ಬರ್ತೈತಿ. ಇನ್ನಷ್ಟು ಹಿಂದ ಹೋಗೂಣು.’

ಟೇಪಿನ ತುದಿಯನ್ನು ನನ್ನ ಕೈಗೆ ಕೊಟ್ಟು, ನಾಲ್ವರೂ ಹಿಂದೆ ಹಿಂದೆ ನಡೆದರು.